ನಡುವಿನ ಬಾಣ

ಆ ಪ್ರಶ್ನೆ ಸಂದರ್ಶನಕ್ಕೆ ಒಪ್ಪಿಕೊಂಡಿದ್ದ ಪ್ರಶ್ನೆಗಳಲ್ಲಿ ಇರಲೇ ಇಲ್ಲ. ಕತ್ತರಿಗೆ ಅದು ಚೆನ್ನಾಗಿ ಗೊತ್ತು. ಒಪ್ಪಿಗೆ ಕೊಟ್ಟವನೇ ಅವನು.

ಕತ್ತರಿ ಎಂದರೆ ಸಂಸ್ಥೆಯ ಲೆಕ್ಕಾಧಿಕಾರಿ. ಯಾರು ಬಿಲ್ಲು ತಂದರೂ ಒಂದಿಷ್ಟು ಕತ್ತರಿಸದೆ ಬಿಟ್ಟವನಲ್ಲ, ಅದಕ್ಕೇ ಆ ಹೆಸರು. ಪಕ್ಕದಲ್ಲಿ ಕೂತಿದ್ದವಳು ಮೇಡಂ, ಆಹಾರ ಭದ್ರತಾ ಯೋಜನೆಯ ಮುಖ್ಯಸ್ಥೆ. ಗಂಡ ತೀರಿಕೊಂಡಾಗ ಯಾರೂ ಮನೆಗೆ ಬರಬೇಡಿ ಎಂದು ಫೋನಿನಲ್ಲೇ ಹೇಳಿ, ಆ ವಾರವೇ ಕಚೇರಿಗೆ ಬಂದು ಕೂತವಳು. ಕಣ್ಣಲ್ಲಿ ಒಂದು ಹನಿ ಕಂಡವರಿಲ್ಲ. ಕಲ್ಲು ಹೆಂಗಸು ಎಂದು ಕತ್ತರಿ ನಾಲ್ಕು ಜನರ ಮುಂದೆ ಆಡಿಕೊಂಡಿದ್ದ. ಅವಳ ಕಿವಿಗೂ ಬಿತ್ತು. ಸಿಟ್ಟೂ ಬರಲಿಲ್ಲ.

ಎದುರಿಗಿದ್ದವನು ಟೈ ಕಟ್ಟಿದ್ದ, ಸಲಹೆಗಾರನ ಕೆಲಸಕ್ಕೆ ಬಂದ ಮೊದಲ ಅಭ್ಯರ್ಥಿ.

ಕೆಲಸವೇನೋ ಹೇಳುವುದಕ್ಕೆ ಸುಲಭ. ಗೋಡೆಯ ಮೇಲೆ ಯೋಜನೆಯ ‘ಬದಲಾವಣೆಯ ನಕ್ಷೆ’ ಅಂಟಿಸಿತ್ತು. ಮನೆಗೆ ದಿನಸಿ ತಲುಪುತ್ತದೆ. ಒಂದು ಬಾಣ. ಮನೆಮಂದಿ ಹೊಟ್ಟೆ ತುಂಬ ಉಣ್ಣುತ್ತಾರೆ. ಇನ್ನೊಂದು ಬಾಣ. ತೂಕ ಏರುತ್ತದೆ. ದಿನಸಿ ತಪ್ಪದೆ ತಲುಪುತ್ತಿತ್ತು, ತೂಕ ಮಾತ್ರ ಜಪ್ಪಯ್ಯ ಅಂದರೂ ಏರುತ್ತಿರಲಿಲ್ಲ. ತಪ್ಪಿರುವುದು ಎಲ್ಲಿ ಎಂದು ಸಲಹೆಗಾರರಿಂದ ಹುಡುಕಿಸಿ ನಕ್ಷೆ ತಿದ್ದಿ, ಇಲ್ಲವೇ ಹಣ ನಿಲ್ಲಿಸುತ್ತೇವೆ ಎಂದು ದಾನಿಗಳು ಖಡಾಖಂಡಿತವಾಗಿ ಹೇಳಿದ್ದರು. ಹಣ ನಿಂತರೆ ಅಷ್ಟೂ ಮನೆಗಳ ಒಲೆ ಆರುತ್ತಿತ್ತು.

ಮೇಡಂ ಚಹಾದ ಜೊತೆ ಬಂದ ಬಿಸ್ಕತ್ತನ್ನು ಕತ್ತರಿಯ ಕಡೆ ಸರಿಸಿ, ಮೇಜಿನ ಅಂಚು ನೋಡುತ್ತಾ ಕೇಳಿದಳು: “ಒಂದು ಮನೆ. ಅತ್ತೆ ಇದ್ದಾರೆ, ಸೊಸೆ ಇದ್ದಾಳೆ. ದಿನಸಿಗೆ ಕೊರತೆ ಇಲ್ಲ. ಗ್ಯಾಸ್ ಇದೆ, ನೀರಿದೆ, ಕಾಯಿಲೆ ಇಲ್ಲ. ಆದರೂ ಸೊಸೆ ದಿನೇದಿನೇ ಇಳಿದು ಹೋಗ್ತಿದ್ದಾಳೆ. ಎಲ್ಲಿ ತಪ್ಪಿದೆ?”

ಟೈ ಕಟ್ಟಿದವನು ಯೋಚಿಸುವ ಗೋಜಿಗೇ ಹೋಗಲಿಲ್ಲ. “ಅತ್ತೆ ಮೇಡಂ. ನೂರಕ್ಕೆ ನೂರು ಅತ್ತೇನೇ. ಅಡುಗೆಮನೆ ಬೀಗದ ಕೈ ಅವಳ ಹತ್ರ ಇರುತ್ತೆ.”

ಎರಡನೆಯವಳು ಲ್ಯಾಪ್‌ಟಾಪ್ ತೆರೆದು ಅದನ್ನೇ ಬಣ್ಣಬಣ್ಣದಲ್ಲಿ ತೋರಿಸಿದಳು. ಅವಳ ಪ್ರಕಾರ ಅತ್ತೆಯರಿಗೆ ತರಬೇತಿ ಕೊಡಬೇಕಿತ್ತು. ಕತ್ತರಿ ತನ್ನ ತಾಯಿಯನ್ನು ನೆನೆದು, ಆ ತರಬೇತಿಗೆ ಎಷ್ಟು ಖರ್ಚು ಮಾಡಿದರೂ ಸಾಲದು ಅಂದುಕೊಂಡ. ಬಿಸ್ಕತ್ತು ಅಷ್ಟೂ ಮುಗಿಸಿದ.

ಮೂರನೆಯವಳು ಹೆಲ್ಮೆಟ್ಟನ್ನು ಮೇಜಿನ ಮೇಲೆಯೇ ಇಟ್ಟು ಕೂತಳು. ಮೇಡಂ ಪ್ರಶ್ನೆ ಮುಗಿಸಿದ ಮೇಲೆ ತಾನೇ ಕೇಳಿದಳು:

“ಅತ್ತೆ ಊಟ ಮಾಡ್ತಾರಾ?”

“ಮಾಡ್ತಾರೆ.”

“ಸೊಸೆ ಜೊತೆ ಕೂತ್ಕೊಂಡಾ?”

ಮೇಡಂ ಕೈಯ ವಾಚನ್ನು ಮೇಲೆ ಸರಿಸಿಕೊಂಡಳು.

“ಹಾಗಾದ್ರೆ ನನಗೆ ಗೊತ್ತಿಲ್ಲ. ಆ ಮನೆಗೆ ಹೋಗಿ ನೋಡದೆ ಏನೂ ಹೇಳೋಕಾಗಲ್ಲ.”

“ಕೆಲಸ ನಿಮಗೇ,” ಎಂದಳು ಮೇಡಂ.

ಕತ್ತರಿಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿಲ್ಲ ಎಂದವಳಿಗೆ ಕೆಲಸ! ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ, ಬೇರೇನೂ ಅಲ್ಲ.

“ಮೇಡಂ, ಆ ಮನೆ ಯಾವ ಬೀದಿದು? ನಮ್ಮ ದಿನಸಿ ಹೋಗೋ ಮನೆಗಳಲ್ಲಿ ಅಂಥದ್ದು ನನಗೆ ನೆನಪಿಲ್ಲ.”

“ನಮ್ಮ ದಿನಸಿ ಅಲ್ಲಿಗೆ ಹೋಗಲ್ಲ.”

“ಮತ್ತೆ ಅದರ ಉಸಾಬರಿ ನಮಗ್ಯಾಕೆ?”

“ಅದೊಂದು ಅರ್ಥ ಆದ್ರೆ ಉಳಿದವೂ ಅರ್ಥ ಆಗಬಹುದು.”

“ಈಗಲೇ ಹೋಗೋಣ,” ಎಂದು ಎದ್ದಳು ಹೆಲ್ಮೆಟ್ಟಿನವಳು.

“ನಾನೂ ಬರ್ತೀನಿ,” ಎಂದ ಕತ್ತರಿ. ಮೋಸವನ್ನು ಕಣ್ಣಾರೆ ಕಂಡು ಹಿಡಿಯುವ ಅವಕಾಶ ಬಿಡಲು ಅವನಿಗೇನು ಹುಚ್ಚೇ? ಮೇಡಂ ಬೇಡ ಎನ್ನುತ್ತಾಳೆ ಅಂದುಕೊಂಡಿದ್ದ. ಅವಳು ಕಾರಿನ ಕೀಲಿ ಎತ್ತಿಕೊಂಡು ಹೊರಟೇಬಿಟ್ಟಳು.

ಕಾರನ್ನು ಅವಳೇ ಓಡಿಸಿದಳು. ಸಡಿಲವಾದ ವಾಚು ಗೇರು ಬದಲಿಸಿದಾಗಲೆಲ್ಲ ಜಾರುತ್ತಿತ್ತು. ಬಡವರ ಬೀದಿಗಳ ಕಡೆ ಕಾರು ತಿರುಗಲೇ ಇಲ್ಲ. ಬ್ಯಾಂಕು ದಾಟಿತು, ಔಷಧಿ ಅಂಗಡಿ ದಾಟಿತು, ಕಾವಲುಗಾರನಿದ್ದ ಗೇಟಿನೊಳಗೆ ಹೋಗಿ ನಿಂತಿತು. ಕತ್ತರಿ ಒಳಗೊಳಗೇ ಹಿಗ್ಗಿದ. ನೆಂಟರ ಮನೆ, ಅನುಮಾನವೇ ಬೇಡ. ನಾಳೆ ಈ ಮನೆಗೂ ದಿನಸಿ, ಈ ಸೊಸೆಯ ಹೆಸರಲ್ಲೂ ಹಣ.

ಲಿಫ್ಟಿನಲ್ಲಿ ಹೆಲ್ಮೆಟ್ಟಿನವಳು ಕೇಳಿದಳು: “ಅತ್ತೆ ಹೇಗೆ? ಜಗಳಗಂಟಿನಾ?”

“ಮೊದಲು ತುಂಬಾ ಮಾತಾಡ್ತಿದ್ರು,” ಎಂದಳು ಮೇಡಂ.

ಕರೆಗಂಟೆ ಒತ್ತಿದಳು. ಬಾಗಿಲು ತೆರೆದ ಮುದುಕಿಯ ಕೈಯಲ್ಲಿ ಸೌಟು ಇತ್ತು. ಒಳಗಿನಿಂದ ಬಿಸಿ ಅಡುಗೆಯ ಘಮ ಬಂತು. ಊಟದ ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಒಂದು ಖಾಲಿಯಾಗಿತ್ತು, ಇನ್ನೊಂದರಲ್ಲಿ ಬೆಳಿಗ್ಗೆ ಬಡಿಸಿದ್ದು ಹಾಗೇ ಒಣಗಿತ್ತು. ಕತ್ತರಿ ಕತ್ತು ಉದ್ದ ಮಾಡಿ ಸೊಸೆ ಎಲ್ಲಿದ್ದಾಳೆ ಎಂದು ಹುಡುಕಿದ. ಒಳಗೆ ಯಾರೂ ಇರಲಿಲ್ಲ.

ಮುದುಕಿಯು ಮೇಡಂನ ಕೈ ಹಿಡಿದುಕೊಂಡು ಹೆಲ್ಮೆಟ್ಟಿನವಳಿಗೆ ಹೇಳಿದಳು: “ಮಗ ಹೋದಾಗಿನಿಂದ ಈ ಮನೇಲಿ ನಾನೊಬ್ಬಳೇ ಉಣ್ಣೋದು ಕಣಮ್ಮಾ. ಒಂದು ತುತ್ತು ತಿನ್ನು ಅಂತ ನನ್ನ ಸೊಸೆಗೆ ನೀನಾದ್ರೂ ಹೇಳು.”