ಬಸರಾದಲ್ಲಿ ಮಣ್ಣಾದವನು

“ಮಾಶಾಕ ಸತ್ತಾನ್ರೀ ಸಾಹೇಬ್ರ. ಬಸರಾದಾಗ ನಾನ ಮಣ್ಣ ಕೊಟ್ಟೀನಿ,” ಎಂದ ಹೊಂಬಳದ ಅಂದಪ್ಪ.

ಪಿಂಚಣಿ ಕೇಳಲು ಬಂದಿದ್ದ ಮುದುಕ ಮಾಶಾಕ ಅವನೆದುರಿಗೇ ನಿಂತಿದ್ದ. ಮೊದಲ ಮಹಾಯುದ್ಧದಲ್ಲಿ ಇರಾಕಿನ ಬಸರಾಕ್ಕೆ ಹೋದಾಗ ಇಬ್ಬರದೂ ಒಂದೇ ಪಲ್ಟನ್ನು. ಆಮೇಲೆ ಮುಂಬಯಿ ಬಂದರಿನಲ್ಲೇ ದುಡಿದಿದ್ದ ಮಾಶಾಕ, ಕನ್ನಡ ನಾಡು ಒಂದಾದ ವರ್ಷ ಗದಗಿಗೆ ಮರಳಿದ್ದ. ಅವನ ಗುರುತು ಹೇಳಲೆಂದೇ ಕಚೇರಿಯವರು ಅಂದಪ್ಪನನ್ನು ಕರೆಸಿದ್ದರು.

ಮಾಶಾಕ ಅವನ ಕಡೆ ತಿರುಗಿದ. “ಲೇ ಅಂದ್ಯಾ, ನನ್ನ ಪಾಲಿನ ರೊಟ್ಟಿನೂ ತಿಂದು, ನನ್ನನ್ನ ಹುಗದು ಬಂದ್ಯಾ?”

ಆ ದನಿಗೆ ಅಂದಪ್ಪ ಬೆಚ್ಚಿದ. ಹತ್ತಿರ ಬಂದು, ಕಣ್ಣು ಮಂಜಾಗಿದ್ದರಿಂದ ಮಾಶಾಕನ ಮುಖವನ್ನೆಲ್ಲ ಕೈಯಿಂದ ಸವರಿ ನೋಡಿದ. “ಖರೇನ ನೀನ ಅದೀಯಲ್ಲೋ! ಹೆಣದ ಮಾರಿ ಗುರ್ತ ಸಿಗಲಾರದಂಗ ಆಗಿತ್ತು. ಮೈಮ್ಯಾಲ ನಿನ್ನ ಕೋಟಿತ್ತು.”

“ಕೋಟು...” ಮಾಶಾಕ ಗೋಡೆಗೆ ಒರಗಿದ. “ನನ್ನ ದವಾಖಾನಿಗೆ ಹೊತ್ತೊಯ್ಯೋ ಮುಂದ, ಚಳಿಗೆ ನಡುಗತಿದ್ದ ಹೊಸಾ ಸಿಪಾಯಿಗೆ ಹೊದಿಸಿದ್ದೆ.”

“ಗುರ್ತ ಸಿಕ್ತಲ್ಲ, ಹೆಬ್ಬಟ್ಟ ಒತ್ತರಿ,” ಎಂದ ಗುಮಾಸ್ತ. ಅದು ಮಾಶಾಕನ ಕಿವಿಗೆ ಬೀಳಲೇ ಇಲ್ಲ.

“ಅವನ ಹೆಸರೇನಿತ್ತೋ ಅಂದಪ್ಪ?”

ಅಂದಪ್ಪನಿಗೆ ಆ ಹೆಸರು ನೆನಪಾಗಲಿಲ್ಲ. “ವರ್ಷಾ ವರ್ಷಾ ಅವಗ ನಿನ್ನ ಹೆಸರಲೇನ ಎಡಿ ಹಿಡದೀನಲ್ಲೋ,” ಎಂದ.