ಬೆನ್ನಿನ ಮೇಲೆ ಬೆರಳು

ಬೆನ್ನನ್ನು ಯಾರೋ ಬೆರಳಿನಿಂದ ಮೆಲ್ಲಗೆ ಮುಟ್ಟಿದಂತಾಗಿ ವಿರೂಪಾಕ್ಷಮ್ಮ ಬೆಚ್ಚಿ ತಿರುಗಿದಳು. ಹಿಂದೆ ಬರೀ ಗೋಡೆ. ಮನೆಯಲ್ಲಿದ್ದವರು ಇಬ್ಬರೇ. ಸೊಸೆ ಶೈಲಜಾ ಎದುರಿಗೇ ಕೂತು ಅವಳ ಎದೆಯ ಗಾಯದ ಪಟ್ಟಿ ಬಿಚ್ಚಿ ಒರೆಸುತ್ತಿದ್ದಳು.

"ನನ್ನ ಬೆನ್ನು ಯಾರವ್ವಾ ಮುಟ್ಟಿದ್ದು?"

"ಯಾರೂ ಇಲ್ರೀ ಅತ್ತಿ."

ಆರು ವರ್ಷದ ಹಿಂದೆ ಕ್ಯಾನ್ಸರಿಗೆಂದು ವಿಕಿರಣದ ಕರೆಂಟ್ ಕೊಟ್ಟಿದ್ದ ಜಾಗವದು. ಹೋದ ಸುಗ್ಗಿಯಲ್ಲಿ ಭತ್ತದ ಚೀಲ ಎತ್ತುವಾಗ ಅಲ್ಲಿ ಒಂದಿಷ್ಟು ತರಚಿತ್ತು. ಒಂಬತ್ತು ತಿಂಗಳಾದರೂ ಮಾಯಲಿಲ್ಲ. ದಿನಾ ಬೆಳಿಗ್ಗೆ ಈಗಷ್ಟೇ ತರಚಿದಂತೆ ಹಸಿಯಾಗಿಯೇ ಇರುತ್ತಿತ್ತು. "ಅಲ್ಲಿನ ಜೀವಕೋಶ ಸತ್ತಿಲ್ರಿ, ಬೆಳ್ಯಾದು ಬಿಟ್ಟಾವ. ಬಾಜೂದವಕ್ಕೂ ಬೆಳೀಬ್ಯಾಡ್ರಿ ಅಂತ ಸುದ್ದಿ ಕಳಸ್ತಾವ" ಎಂದಿದ್ದರು ಗಂಗಾವತಿಯ ಡಾಕ್ಟರು. ಅಂದಿನಿಂದ ತನ್ನ ಮೈಯೊಳಗೇ ಯಾರೋ ಪಿಸುಗುಟ್ಟುತ್ತಿದ್ದಾರೆ ಎನಿಸಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಅವಳ ಬೆನ್ನಿನ ಚರ್ಮ, ಮಾಂಸವನ್ನು ನರದ ಸಮೇತ ಬಗಲಲ್ಲಿ ಹಾಯಿಸಿ ತಂದು ಎದೆಗೆ ಹೊಲಿದರು. ಆ ಸುದ್ದಿ ಈ ಹೊಸ ಚರ್ಮಕ್ಕೂ ಮುಟ್ಟಿದರೆ ಎಂಬ ದಿಗಿಲಿನಲ್ಲೇ ಒಂದು ತಿಂಗಳು ಕಳೆದಿತ್ತು.

ಶೈಲಜಾ ಹತ್ತಿಯನ್ನು ಮತ್ತೆ ಎದೆಗೆ ಒತ್ತಿದಳು. ಅತ್ತೆಯ ಬೆನ್ನು ಜುಂ ಎಂದಿತು.

"ಅಯ್ಯ, ಮತ್ತ ಮುಟ್ಟಿದ್ರು ನೋಡು!"

ಶೈಲಜಾಳ ಕೈ ನಿಂತಿತು. "ಅತ್ತಿ, ಮುಟ್ಟಿದಾಕಿ ನಾನ ರೀ. ನಿಮ್ಮ ಬೆನ್ನಿನ ಚರ್ಮ ಈಗ ಇಲ್ಲೈತಿ. ತಾನಿನ್ನೂ ಬೆನ್ನಾಗ ಅದೀನಿ ಅಂತ ತಿಳಕೊಂಡೈತಿ. ಜೀವ ಐತ್ರಿ ಇದಕ್ಕ! ಅಂಚೂ ಕೂಡ್ಯಾವ, ನೋಡ್ರಿ."

ವಿರೂಪಾಕ್ಷಮ್ಮ ನೋಡಲಿಲ್ಲ. ಸೊಸೆಯ ಅಂಗೈಯನ್ನು ತಾನೇ ಎಳೆದು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಯಾರೂ ಇಲ್ಲದ ಹಿಂಬದಿಯಲ್ಲಿ ಬೆಚ್ಚನೆಯ ಕೈಯೊಂದು ಅವಳ ಬೆನ್ನನ್ನು ಆತುಕೊಂಡಿತು.