ಪಿಟ್ಟೆನ್ನದ ಗಂಟೆ

ಸರ್ಕಾರಿ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಕಸ್ತೂರಿ ಸಿಸ್ಟರ್ ಒಂದು ಸಂಶೋಧನೆ ನಡೆಸುತ್ತಿದ್ದರು. ನರ್ಸುಗಳು ತಾವಾಗಿಯೇ ತಾಸಿಗೊಮ್ಮೆ ಪ್ರತಿ ಮಂಚಕ್ಕೂ ಹೋಗಿ ವಿಚಾರಿಸಿದರೆ ರೋಗಿಗಳು ಕರೆಗಂಟೆ ಒತ್ತುವುದು ಕಡಿಮೆಯಾಗುತ್ತದೆಂದು ತೋರಿಸಬೇಕಿತ್ತು. ತೋರಿಸಿದರೆ ಇದಕ್ಕೆಂದೇ ತೆಗೆದುಕೊಂಡ ಹುಡುಗಿಯರಿಗೆ ಕೆಲಸ ಉಳಿಯುತ್ತಿತ್ತು. ಇಲ್ಲವಾದರೆ ಮನೆ ದಾರಿ.

ಮೇಲಿನವರು ನೋಡಲು ಬರುವ ದಿನ ಬೆಳಿಗ್ಗೆ ಸಿಸ್ಟರ್ ವಾರ್ಡಿನ ನಡುವೆ ನಿಂತು ಕೈಮುಗಿದರು.

"ಇವತ್ತೊಂದಿನ ಯಾರೂ ಗಂಟಿ ಒತ್ತಬ್ಯಾಡ್ರಪಾ. ಈ ಹುಡುಗ್ಯಾರ ಅನ್ನ ನಿಮ್ಮ ಕೈಯಾಗೈತಿ."

"ಮೂಲ್ಯಾಗಿನ ಅಜ್ಜಗ ಹೇಳ್ರಿ ಅಕ್ಕಾರ," ಎಂದ ಅಜ್ಜನ ಪಕ್ಕದ ಮಂಚದ ದ್ಯಾಮಣ್ಣ. "ಸೊಳ್ಳಿ ಕಚ್ಚಿದ್ರೂ ಒತ್ತತಾನ."

ವಾರ್ಡೆಲ್ಲ ನಕ್ಕಿತು.

"ನಿಮ್ಮ ಮಾರಿ ನೋಡಿದ್ರ ಧೈರ್ಯ ಬರತೈತವಾ, ಅದಕ್ಕ ಒತ್ತತೇನಿ," ಎಂದ ಅಜ್ಜ.

"ದ್ಯಾಮಣ್ಣಾ, ಅಜ್ಜನ್ನ ನೀನ ನೋಡ್ಕೋ," ಎಂದರು ಸಿಸ್ಟರ್.

ಮೇಲಿನವರು ಬಂದು ಬಾಗಿಲ ಬಳಿಯ ಮೇಜಿಗೆ ಕೂತರು. ನರ್ಸುಗಳೆಲ್ಲ ತಾಸಿನ ಸುತ್ತು ಮರೆತು ಅವರ ಹಿಂದೆ ಕೈಕಟ್ಟಿ ನಿಂತರು. ಮಧ್ಯಾಹ್ನದವರೆಗೂ ಗಂಟೆ ಪಿಟ್ಟೆನ್ನಲಿಲ್ಲ.

"ಇಂಥ ವಾರ್ಡ್ ನಾವು ನೋಡೇ ಇಲ್ಲ. ಈ ಹುಡುಗಿಯರು ಇಲ್ಲೇ ಇರಲಿ," ಎಂದು ಹೇಳಿ ಅವರು ಹೊರಟರು.

ಸಿಸ್ಟರ್ ಓಡೋಡಿ ಮೂಲೆಗೆ ಬಂದರು.

"ಗೆದ್ವಿ ಅಜ್ಜಾ! ಇನ್ನ ಎಷ್ಟ ಬೇಕಾದ್ರೂ ಒತ್ತು!"

ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದ. ಸಿಸ್ಟರ್ ಬಗ್ಗಿ ನೋಡಿದರು. ಕಣ್ಣು ತೆರೆದೇ ಇದ್ದವು, ಎವೆ ಅಲುಗಲಿಲ್ಲ.

ಪಕ್ಕಕ್ಕೇ ಅಂಟಿಕೊಂಡಿದ್ದ ತನ್ನ ಮಂಚದಿಂದ ದ್ಯಾಮಣ್ಣ ಅಜ್ಜನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೇ ಇದ್ದ.

"ಎದಿ ಹಿಡ್ಕೊಂಡು ಗಂಟಿ ಕಡೆ ಕೈ ಚಾಚಿದ್ನರಿ ಅಕ್ಕಾರ. ಎಷ್ಟ ಒದ್ದಾಡಿದ್ರೂ ನಾ ಬಿಡಲಿಲ್ಲ. ಈಗ ನಿದ್ದಿ ಹತ್ತೇತಿ ನೋಡ್ರಿ."